ಪುಟ್ಟಿ ಹಚ್ಚಿದ ಬೋಟು

ಬೋಟಿನ ಇಂಜಿನ್ನಿನ ಕೆಳಗಿನ ಕಾಲನ್ನು ಬಿಚ್ಚಿ, ತೊಡೆಯ ಮೇಲಿಟ್ಟುಕೊಂಡು, ಹಳೇ ಗ್ರೀಸನ್ನು ಚಿಂದಿಯಿಂದ ಒರೆಸುತ್ತಿದ್ದೆ. ಆಗ ಕುತ್ತಿಗೆಗೆ ಏನೋ ತಣ್ಣಗೆ ತಾಗಿತು.

ಕಬ್ಬಿಣದ ರಾಡು!

ನಾನು ತಿರುಗಿ ನೋಡಲಿಲ್ಲ. ಒರೆಸುವುದನ್ನೂ ನಿಲ್ಲಿಸಲಿಲ್ಲ. ಈ ವಯಸ್ಸಿನಲ್ಲಿ ಕುತ್ತಿಗೆಯನ್ನು ಗಕ್ಕನೆ ತಿರುಗಿಸಿದರೆ ರಾಡೇ ಬೇಕಿಲ್ಲ... ತಾನೇ ಲಟಕ್ಕೆನ್ನುತ್ತದೆ.

"ಮಾವಶಿ, ಬೋಟ್ ರೆಡಿನಾ?"

ಸ್ವಪ್ನಿಲ್. ಬೋಟ್ ಕ್ಲಬ್ಬಿನಲ್ಲಿ ಟಿಕೆಟ್ ಹರಿಯುವವನು. ಯಾರಾದರೂ ಎದುರು ಮಾತಾಡಿದರೆ ಅವರ ಕಾಲರನ್ನೂ ಹರಿಯುತ್ತಾನೆ.

"ರಾಡು ತೆಗಿ. ಬೋಲ್ಟ್ ಬಿಗಿಯೋ ಆ ಹನ್ನೆರಡರ ಪಾನಾ ಕೊಡು," ಎಂದೆ.

ಕೊಟ್ಟ! ಗೂಂಡಾಗಳಿಗೆ ಕೆಲಸ ಹೇಳಬೇಕು. ಇಲ್ಲದಿದ್ದರೆ ಕೈ ಎಲ್ಲಿಡಬೇಕೆಂದು ತಿಳಿಯದೆ ಹೊಡೆಯುತ್ತಾರೆ.

ನನ್ನ ಹೆಸರು ಶಿವಕಾಂತಾ. ಯಾದಗಿರಿ ಕಡೆಯವಳು. ಪುಣೆಗೆ ಗಾರೆ ಕೆಲಸಕ್ಕೆ ಬಂದೆ. ಬುಟ್ಟಿ ಹೊತ್ತೆ, ಆಮೇಲೆ ಪಂಪ್ ರಿಪೇರಿ ಕಲಿತೆ, ಆಮೇಲೆ ಬೋಟಿನ ಇಂಜಿನ್ನು. ಪಾನಶೇತ್ ರಸ್ತೆಯ ಹಿನ್ನೀರಿನಲ್ಲಿ ಮೋಟಾರ್ ಬೋಟು ಕೆಮ್ಮಿದರೆ ನನ್ನನ್ನೇ ಕರೆಯುತ್ತಾರೆ. ಕ್ಲಬ್ಬಿನವರು ನನ್ನ ಜೊತೆ ಆಡುವ ಮಾತೆಲ್ಲ ಮರಾಠಿ; ಮಾವಶಿ ಎಂದರೆ ಚಿಕ್ಕಮ್ಮ. ನಿಮಗಾಗಿ ಕನ್ನಡ ಮಾಡಿ ಹೇಳುತ್ತಿದ್ದೇನೆ, ಅಷ್ಟೇ.

ಸ್ವಪ್ನಿಲನ ಹಿಂದೆ ಅಮೋಘ ಬಂದ. ಕ್ಲಬ್ಬಿನ ಮ್ಯಾನೇಜರ್. ಕರೀ ಗಾಗಲ್, ಬಿಳೀ ಬೂಟು. ನೀರಿನ ದಂಧೆ ಮಾಡುವವನ ಬೂಟು ಒಮ್ಮೆಯೂ ನೆನೆದದ್ದನ್ನು ನಾನು ಕಂಡಿಲ್ಲ.

"ಮಾವಶಿ, ನಾಳೆ ಹದಿನೈದು ಆಗಸ್ಟ್. ಹಿಂಜವಾಡಿಯಿಂದ ಶಾಲೆ ಮಕ್ಕಳು ಪಿಕ್‌ನಿಕ್‌ಗೆ ಬರ್ತಾರೆ. ಈ ರಾಜಹಂಸ ಬೋಟು ನೀರಿಗಿಳೀಬೇಕು."

"ಇಳೀತದ. ಸೀದಾ ತಳಕ್ಕ."

"ಜೋಕ್ ಮಾಡ್ಬೇಡಿ."

ನಾನು ಎದ್ದು ಸುತ್ತಿಗೆಯ ಹಿಡಿಯಿಂದ ಬೋಟಿನ ಪಕ್ಕಕ್ಕೆ ಬಡಿದೆ. ಠಣ್! ಆಮೇಲೆ ಇಂಜಿನ್ ತೂಗುಹಾಕಿರುವ ಹಿಂದಿನ ಹಲಗೆಗೆ ಬಡಿದೆ.

ಧಪ್.

"ಕೇಳಿಸ್ತಾ? ಮೇಲೆ ಫೈಬರ್ ಅಂಗಿ. ಒಳಗೆ ಪ್ಲೈವುಡ್. ಬೋಲ್ಟಿನ ತೂತಿನಿಂದ ನೀರು ಕುಡಿದು ಕುಡಿದು ಒಳಗೆಲ್ಲ ನೆನೆದ ರೊಟ್ಟಿ ಆಗಿದೆ. ಮಕ್ಕಳನ್ನು ತುಂಬಿಕೊಂಡು ಜೋರಾಗಿ ಓಡಿಸಿದರೆ ಇಂಜಿನ್ನು ಹಲಗೆ ಕಿತ್ತುಕೊಂಡು ಹೋಗ್ತದ. ಹಿಂದೆ ಬಾಗಿಲು ತೆರೆದ ಹಾಗೆ! ನೀರು ಒಳಗೆ!"

"ಪೇಂಟ್ ಹೊಸದಿದೆಯಲ್ಲ?"

ಪೇಂಟ್ ಹೊಸದೇ ಇತ್ತು. ಅದರ ಕೆಳಗೆ ಬಿರುಕು ಮುಚ್ಚಲು ಮೆತ್ತಿದ ಪುಟ್ಟಿಯೂ ಹೊಸದು. ಬಿರುಕು ಎಲ್ಲಿತ್ತೆಂದು ಬೆರಳಿಗೂ ಗೊತ್ತಾಗದಷ್ಟು ನಯ. ಅಷ್ಟು ನಯವಾಗಿ ಪುಟ್ಟಿ ಎಳೆಯುವ ಕೈ ಈ ದಂಡೆಯಲ್ಲಿ ಒಂದೇ.

ನಮ್ಮ ಪ್ರಲ್ಹಾದನದು.

ಪ್ರಲ್ಹಾದ ಇಲ್ಲಿ ಬೋಟ್ ನಡೆಸುವವನು. ಇಂಡಿ ಕಡೆಯವ. ಪುಣೆಯ ಕೊಂಢವಾದಲ್ಲಿ ಕಟ್ಟುತ್ತಿದ್ದ ಒಂದು ಬಿಲ್ಡಿಂಗಿನಲ್ಲಿ ಸಿಮೆಂಟ್ ಚೀಲದ ಮರೆಗೆ ಜ್ವರ ಬಂದು ಬಿದ್ದಿದ್ದ. ಗಂಜಿ ಕುಡಿಸಿದೆ. ಕಣ್ಣು ಬಿಟ್ಟು "ಅಕ್ಕಾ" ಎಂದ. ನನಗೆ ಹಿಂದಿಲ್ಲ, ಮುಂದಿಲ್ಲ. ಗಂಡ ಮುರುಗೆಪ್ಪ ಹೋದ ಮೇಲೆ ಆ ಒಂದು ಶಬ್ದವೇ ನನ್ನ ಸಂಸಾರ. ಕೆಲಸ ಕಲಿಸಿದೆ. ಭಾಗ್ಯಾಳನ್ನು ತಂದು ಮದುವೆ ಮಾಡಿಸಿದೆ. ಹಲಗೆಗೆ ಪುಟ್ಟಿ ಹಚ್ಚಿದ್ದೂ ಅವನೇ. ಅಮೋಘ ಹೇಳಿದ, ಅವನು ಹಚ್ಚಿದ.

"ನಾನು ಇದಕ್ಕೆ ಕೈ ಹಚ್ಚಂಗಿಲ್ಲ," ಎಂದೆ.

ಅಮೋಘ ಗಾಗಲ್ ತೆಗೆದ. "ಹಾಗಾದ್ರೆ ಶೆಡ್ಡಿನ ಹಿಂದೆ ನೀವೆಲ್ಲ ಇರೋ ಖೋಲಿ ಖಾಲಿ ಮಾಡಿ. ನೀವೂ... ಪ್ರಲ್ಹಾದನೂ."

ರಾಡು ಮತ್ತೆ ಕುತ್ತಿಗೆಗೆ ಬಂತು.

"ಆಯ್ತಪ್ಪಾ," ಎಂದು ಕೂತೆ. ಬಿಚ್ಚಿದ್ದ ಆ ಕಾಲನ್ನು ಎತ್ತಿ ಇಂಜಿನ್ನಿಗೆ ಕೂಡಿಸಿದೆ. ಬೋಲ್ಟು ಬಿಗಿದೆ. ಒಂದೇ ಒಂದು ಸಾಮಾನು ಹಾಕಲಿಲ್ಲ. ಇಂಪೆಲ್ಲರ್! ಅಂಗೈಯಲ್ಲಿ ಹಿಡಿಸುವ ರಬ್ಬರಿನ ಚಕ್ರ. ಹೊರಗಿನ ನೀರನ್ನು ಮೇಲಕ್ಕೆಳೆದು ಇಂಜಿನ್ನನ್ನು ತಂಪಿಡುವುದು ಅದೇ. ಅದನ್ನು ಎಲೆ-ಅಡಿಕೆ ಸಂಚಿಗೆ ಸೇರಿಸಿ, ಒಂದು ಎಲೆ ತೆಗೆದು ಸುಣ್ಣ ಹಚ್ಚಿದೆ.

ಇಂಪೆಲ್ಲರ್ ಸರಿಯಿದ್ದರೆ ಇಂಜಿನ್ನಿನ ಹಿಂದಿನಿಂದ ಸಣ್ಣ ಧಾರೆಯಾಗಿ ನೀರು ಹಾರುತ್ತದೆ. 'ಇಂಜಿನ್ ಉಚ್ಚೆ ಹೊಯ್ಯಿತು' ಎನ್ನುತ್ತೇವೆ ನಾವು. ಹೊಯ್ಯದಿದ್ದರೆ ಬುದ್ಧಿ ಇರುವ ಡ್ರೈವರ್ ಮುಂದೆ ಹೋಗುವುದಿಲ್ಲ. ಪ್ರಲ್ಹಾದ ಚಾಲೂ ಮಾಡುತ್ತಾನೆ, ಧಾರೆ ಕಾಣುವುದಿಲ್ಲ, 'ಇಂಜಿನ್ ಕೆಟ್ಟಿದೆ' ಎನ್ನುತ್ತಾನೆ. ನಾಳೆ ರಜೆ, ಅಂಗಡಿಗಳೆಲ್ಲ ಬಂದ್. ಮಕ್ಕಳು ದಂಡೆಯಲ್ಲಿ ಐಸ್‌ಕ್ರೀಂ ತಿಂದು ಮನೆಗೆ ಹೋಗುತ್ತಾರೆ.

ಪ್ಲ್ಯಾನ್ ಗಟ್ಟಿಯಿತ್ತು. ತಮ್ಮನ ಮೇಲೆ ನಿಂತಿತ್ತು, ಅಷ್ಟೇ.

ಪ್ರಲ್ಹಾದನನ್ನು ಕರೆದರು. ಬೋಟು ನೀರಿಗಿಳಿಯಿತು. ಅವನು ಚಾವಿ ತಿರುಗಿಸಿದ. ಇಂಜಿನ್ ಗುರ್ರೆಂದಿತು. ಹಿಂದಕ್ಕೆ ಬಗ್ಗಿ ನೋಡಿದ. ಧಾರೆ ಇಲ್ಲ. ಬಂದ್ ಮಾಡಿದ.

ನನ್ನ ಕಡೆ ನೋಡಿದ. ನಾನು ಕಣ್ಣು ಸನ್ನೆ ಮಾಡಿದೆ.

ಅವನು ಕಣ್ಣು ಕೆಳಗೆ ಮಾಡಿದ.

"ಸಾಹೇಬ, ಇಂಪೆಲ್ಲರ್ ಇಲ್ಲ. ಅಕ್ಕನ ಸಂಚಿ ನೋಡಿ."

ಮರಾಠಿಯಲ್ಲಿ ಹೇಳಿದ! ಇಷ್ಟು ವರ್ಷ ನನ್ನೆದುರು ಕನ್ನಡ ಬಿಟ್ಟು ಒಂದು ಮಾತು ಆಡದವನು... ಮನೆಮಾತಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲವೋ ಏನೋ.

 ನಿಂತು ಅಳಲು ಪುರಸೊತ್ತಿರಲಿಲ್ಲ. ಸ್ವಪ್ನಿಲ್ ಬರುತ್ತಿದ್ದ!

ಆಯಿಲ್ ಡಬ್ಬಿಯನ್ನು ಒದ್ದೆ. ದಂಡೆಯ ಇಳಿಜಾರಿನ ಮೇಲೆ ಕರೀ ಎಣ್ಣೆ ಹರಿಯಿತು. ಅವನು ಬೀಸಿದ ರಾಡು ಶೆಡ್ಡಿನ ತಗಡಿಗೆ ಬಿತ್ತು. ಅವನು ಎಣ್ಣೆಯ ಮೇಲೆ ಬಿದ್ದ. ಧಡಾಲ್!

ನಾನು ಓಡಿದೆ ಎಂದರೆ ನಂಬಬೇಡಿ. ಬಿರಬಿರನೆ ನಡೆದೆ. ಕಟ್ಟೆಗೆ ಕಟ್ಟಿದ್ದ ಸಣ್ಣ ಬೋಟಿನ ಹಗ್ಗ ಬಿಚ್ಚಿದೆ. ಮೋಟಾರು ಎಬ್ಬಿಸುವ ದಾರ ಎಳೆದೆ. ನನ್ನ ಕೈ ಸೇವೆ ತಿಂದ ಮೋಟಾರು... ಒಂದೇ ಎಳೆತಕ್ಕೆ ಎದ್ದಿತು!

ದಂಡೆಯಲ್ಲಿ ಎಸೆದರೆ ಇಂಪೆಲ್ಲರನ್ನು ಕೆದಕಿ ತೆಗೆಯುತ್ತಾರೆ. ನಡುನೀರಿನಲ್ಲಿ ಎಸೆದರೆ ಯಾರೂ ತೆಗೆಯಲಾರರು. ನಡುನೀರಿಗೆ ಹೊಡೆದೆ.

ಹಿಂದೆ ಅಮೋಘನ ಕೂಗು. "ಇಂಪೆಲ್ಲರ್ ಇಲ್ಲದೆ ಅಷ್ಟು ದೂರ ಓಡಿದರೆ ಇಂಜಿನ್ ಸಾಯಲ್ಲ! ಹಿಡೀರಿ ಆ ಮುದುಕೀನ!"

ಆಮೇಲೆ ದೊಡ್ಡ ಇಂಜಿನ್ನಿನ ಸದ್ದು.

ರಾಜಹಂಸ!

ಸ್ಟೇರಿಂಗ್ ಹಿಡಿದವನು ಪ್ರಲ್ಹಾದ. ಪಕ್ಕದಲ್ಲಿ ಸ್ವಪ್ನಿಲ್. ಇಬ್ಬರ ಮೈ ಮೇಲೂ ಲೈಫ್ ಜಾಕೆಟ್ ಇಲ್ಲ. ಜಾಕೆಟ್ಟುಗಳು ಕೊಳೆಯಾಗುತ್ತವೆ ಎಂದು ಅಮೋಘ ಕಪಾಟಿಗೆ ಬೀಗ ಹಾಕಿದ್ದ. ಪ್ರಲ್ಹಾದನಿಗೆ ಈಜು ಬರುವುದಿಲ್ಲ. ಎಷ್ಟೋ ಬೋಟಿನವರಿಗೆ ಬರುವುದಿಲ್ಲ.

ನನ್ನ ಮೋಟಾರಿನ ವೇಗ ಎಮ್ಮೆಯದು. ಅವರು ಹತ್ತಿರ ಬಂದರು. ರಾಜಹಂಸದ ಹಿಂದೆ ಬಿಳೀ ಹಬೆ ಏಳುತ್ತಿತ್ತು. ಬೀಪ್... ಬೀಪ್... ಬೀಪ್... ಇಂಜಿನ್ ಬಾಯಿ ಬಡಿದುಕೊಳ್ಳುತ್ತಿತ್ತು.

ಆಗ ನನಗೆ ಇಂಪೆಲ್ಲರ್ ಮರೆತೇ ಹೋಯಿತು. ಕಂಡದ್ದು ಹಲಗೆ. ಅದರ ಮುಂದೆ ಕೂತ ನನ್ನ ತಮ್ಮ.

"ಬಂದ್ ಮಾಡೋ! ಹಲಗಿ ಹರೀತದೋ ಪ್ರಲ್ಹಾದಾ! ಬಂದ್ ಮಾಡು!" ಸಂಚಿಯಿಂದ ಇಂಪೆಲ್ಲರ್ ತೆಗೆದು ಎತ್ತಿ ತೋರಿಸಿದೆ. "ತೊಗೋ! ಇದ ತೊಗೋ! ನಾ ಕೊಡ್ತೀನಿ!"

ಅವನ ಕೈ ವೇಗ ತಗ್ಗಿಸಲು ಲಿವರಿಗೆ ಹೋಯಿತು. ಅದರ ಮೇಲೆ ಸ್ವಪ್ನಿಲನ ಕೈ ಬಿತ್ತು. ಮುಂದಕ್ಕೇ ಒತ್ತಿತು!

ಇಂಜಿನ್ ಜಾಮ್ ಆಯಿತು. ಓಡುವ ಎತ್ತು ಕಾಲು ಮಡಿಸಿದ ಹಾಗೆ ಬೋಟು ಜಗ್ಗಿ ನಿಂತಿತು. ಹಿಂದಿನ ಅಲೆ ಬಂದು ಬಡಿಯಿತು. ಚರ್ರ್ ಎಂದು ಒಂದು ಸದ್ದು... ಹಸೀ ಕಟ್ಟಿಗೆ ಸೀಳಿದ ಹಾಗೆ.

ಹಲಗೆ ಹೋಯಿತು. ಇಂಜಿನ್ ಹೋಯಿತು. ರಾಜಹಂಸ ಮೂತಿ ಮೇಲೆತ್ತಿ ಕೂತಲ್ಲೇ ಇಳಿಯಿತು.

ನಾನು ಬೋಟು ತಿರುಗಿಸಿದೆ. ಕೈಯಲ್ಲಿದ್ದ ಇಂಪೆಲ್ಲರ್ ಯಾವಾಗ ಬಿತ್ತೋ ತಿಳಿಯದು. ಸ್ವಪ್ನಿಲ್ ಪೆಟ್ರೋಲ್ ಕ್ಯಾನ್ ಅಪ್ಪಿಕೊಂಡು ತೇಲುತ್ತಿದ್ದ. ಪ್ರಲ್ಹಾದ ಕಾಣಲಿಲ್ಲ.

ಕಾಣಲೇ ಇಲ್ಲ...

ನೀರಿನ ಮೇಲೆ ಕೂದಲು ಕಂಡಿತು. ಬಗ್ಗಿ ಹಿಡಿದೆ. ಹಿಡಿದದ್ದನ್ನು ಬಿಡಲಿಲ್ಲ. ಎಳೆದು ಒಳಗೆ ಹಾಕಿದಾಗ ನೀರು ಕಾರಿದ, ಕೆಮ್ಮಿದ, ನನ್ನ ಮಡಿಲಿಗೆ ಮುಖ ಒತ್ತಿದ.

"ಅಕ್ಕಾ... ತಪ್ಪಾತಬೇ ಅಕ್ಕಾ..."

ನೀರು ಕುಡಿದ ಮೇಲೆ ಕನ್ನಡ ಬಂತು.

"ಸುಮ್ನಿರು," ಎಂದು ಸೆರಗಿನಿಂದ ತಲೆ ಒರೆಸಿದೆ. ಸ್ವಪ್ನಿಲನಿಗೆ ಹಗ್ಗ ಎಸೆದೆ. ರಾಡು ಹಿಡಿದ ಕೈಯೇ ಹಗ್ಗ ಹಿಡಿಯಿತು.

ಪೊಲೀಸ್ ಚೌಕಿಗೆ ಹೋಗುವಷ್ಟರಲ್ಲಿ ಅಮೋಘ ಅಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಪ್ರಲ್ಹಾದ ನಿಂತಿದ್ದ. ನನ್ನ ಚಾದರವನ್ನೇ ಹೊದ್ದಿದ್ದ.

ಹವಾಲ್ದಾರ ಅವನನ್ನು ಕೇಳಿದ. "ಬೋಟಿನ ಹಲಗೆ ಕೊಳೆತಿತ್ತಾ?"

"ಇಲ್ಲ ಸಾಹೇಬ. ಬೋಟು ಚೆನ್ನಾಗಿತ್ತು. ಅಕ್ಕ ಸಾಮಾನು ಕದ್ದಳು. ಅದಕ್ಕೇ ಮುಳುಗಿತು."

ಮತ್ತೆ ಮರಾಠಿ.

"ಅಜ್ಜೀ, ನಿಮ್ಮ ಹತ್ತಿರ ಸಾಕ್ಷಿ ಏನಿದೆ?"

"ತಳದಲ್ಲಿದೆ. ಮುಳುಗಿ ನೋಡ್ತೀರೇನು?"

ಕರೆದಾಗ ಬರಬೇಕು ಎಂದು ಹೇಳಿ ಕಳಿಸಿದ. ನನ್ನನ್ನು ಮಾತ್ರ.

ಧ್ವಜದ ರಜೆ ಮುಗಿದ ಮರುದಿನ ನಾನು ಊರೊಳಗೆ ಬಂದೆ. ಸ್ವಾರಗೇಟಿನಲ್ಲಿ ಬಸ್ಸಿನಿಂದ ಇಳಿದರೆ ಪ್ರಲ್ಹಾದ ನಿಂತಿದ್ದ. ನನಗಿಂತ ಮುಂಚಿನ ಬಸ್ಸು ಹಿಡಿದು ಬಂದು ಕಾದಿದ್ದ. ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿ.

"ಅಕ್ಕಾ, ಆ ಅರ್ಜಿ ಹಾಕಬ್ಯಾಡ."

ಅರ್ಜಿಯ ಮಾತು ನಿಮಗೆ ಹೇಳಿಲ್ಲ. ಬೇಸಿಗೆಯಲ್ಲೇ ಬರೆದಿದ್ದೆ, ನೀರಾವರಿ ಖಾತೆಯ ದೊಡ್ಡ ಸಾಹೇಬರಿಗೆ. ಕ್ಲಬ್ಬಿನ ಎರಡೂ ದೊಡ್ಡ ಬೋಟುಗಳ ಹಲಗೆ ಕೊಳೆತಿದೆ, ಇಂಥವರು ಪುಟ್ಟಿ ಹಚ್ಚಿಸಿ ಮುಚ್ಚಿಸಿದರು, ಇಂಥವರು ಮುಚ್ಚಿದರು ಎಂದು. ಮುಚ್ಚಿದವರಲ್ಲಿ ಪ್ರಲ್ಹಾದನ ಹೆಸರು. ಅವನಿಗೆ ಓದಿ ಹೇಳಿದಾಗ ಕಾಲು ಹಿಡಿದಿದ್ದ. ಮಳೆಗಾಲ ಬರಲಿ, ಬೋಟು ತಾನೇ ನಿಲ್ಲುತ್ತದೆ ಎಂದ. ಮಳೆ ಬಂತು. ಮಳೆ ಮುಗಿಯಲಿ ಎಂದ. ನಾನು ಕಾದೆ.

"ಮೊನ್ನೆ ಚೌಕ್ಯಾಗ ಹೇಳಿದ್ದಕ್ಕ ಸಿಟ್ಟ ಬಂದದೇನಕ್ಕಾ?"

"ಇಲ್ಲೋ. ಹೆದರಿದ್ದಿ. ಹೇಳಿದಿ. ನನ್ನ ಮ್ಯಾಲ ಹೇಳಿದಿ, ಯಾರೋ ಪರರ ಮ್ಯಾಲ ಹೇಳಲಿಲ್ಲ."

"ಹಾಂಗಿದ್ರ..."

"ಆ ಇನ್ನೊಂದು ಬೋಟು, ಪುಷ್ಪಕ. ಅದನ್ನ ಯಾವಾಗ ಇಳಿಸ್ತಾರ?"

ಅವನು ಬಸ್ಸಿನ ಕಡೆ ನೋಡಿದ. "ಮುಂದಿನ ಐತವಾರ. ಸಾಲಿ ಹುಡುಗ್ರು ಅವತ್ತ ಬರ್ತಾರಂತ."

"ಯಾರು ನಡಸ್ತಾರ?"

"ನಾನ."

"ಹಲಗಿ?"

ಅವನ ಕೈ ಜೇಬಿನೊಳಗೆ ಇನ್ನೂ ಆಳಕ್ಕೆ ಹೋಯಿತು.

"ಪ್ರಲ್ಹಾದಾ. ಕೈ ತೆಗಿ ಹೊರಗ."

ತೆಗೆಯಲಿಲ್ಲ. ನಾನೇ ಹಿಡಿದು ಎಳೆದೆ. ನೀರಿನಿಂದ ಎಳೆದದ್ದಕ್ಕಿಂತ ಇದು ಭಾರವಾಗಿತ್ತು. ಉಗುರು ಸಂದಿಯಲ್ಲೆಲ್ಲ ಬಿಳೀ ಪುಟ್ಟಿ.

ಮುಳುಗಿ ಎದ್ದು ಬಂದವನು... ಮೈ ಆರುವ ಮುಂಚೆಯೇ ಹೋಗಿ ಪುಷ್ಪಕದ ಹಲಗೆಗೆ ಮತ್ತೆ ಪುಟ್ಟಿ ಎಳೆದಿದ್ದ!

"ಖೋಲಿ ಹೋಗ್ತದಕ್ಕಾ," ಎಂದ. "ಭಾಗ್ಯಾನ್ನ ಕರಕೊಂಡು ಎಲ್ಲಿ ಹೋಗ್ಲಿ? ನೀನ ಹೇಳು. ನಾ ಸಾವಕಾಶ ನಡಸ್ತೀನಿ. ಹುಡುಗ್ರಿಗೆ ಏನೂ ಆಗಂಗಿಲ್ಲ. ನಿನ್ನಾಣಿ!"

ನನ್ನಾಣೆ ಅಂತೆ.

ನಾನು ಅವನ ಕೈ ಬಿಟ್ಟೆ. ಚೀಲದಿಂದ ಗಂಟು ತೆಗೆದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ.

"ಮುಂಜಾನೆ ಉಂಡಿಯೇನು?"

"ಇಲ್ಲ."

"ತಗೋ. ಕೂತು ತಿನ್ನು."

ಅವನ ಮುಖ ಅರಳಿತು. ಅಕ್ಕ ಕರಗಿದಳು ಎಂದುಕೊಂಡ. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ರೊಟ್ಟಿ ಮುರಿದ. ಹಸಿದ ಮಗುವಿನ ಹಾಗೆ ಗಬಗಬ ತಿನ್ನುತ್ತಿದ್ದ. ಸ್ವಲ್ಪ ಹೊತ್ತು ನಿಂತು ನೋಡಿದೆ. ಅಷ್ಟೇ ಸಾಕು ಎನಿಸಿತು.

"ನೀರು ತರ್ತೀನಿ," ಎಂದು ರಸ್ತೆ ದಾಟಿದೆ.

ಪೋಸ್ಟ್ ಆಫೀಸಿನಲ್ಲಿ ಹೆಂಗಸರ ದೊಡ್ಡ ಸಾಲು. ಎಲ್ಲರ ಕೈಯಲ್ಲೂ ಹಳದಿ ಲಕೋಟೆ. ನೂಲಹುಣ್ಣಿವೆ ಹತ್ತಿರ ಬಂದಿತ್ತಲ್ಲ! ಅರ್ಜಿಯನ್ನು ಕೈಯಲ್ಲಿ ಒಯ್ದು ಕೊಟ್ಟರೆ ಆಫೀಸಿನ ಟೇಬಲ್ಲಿನಿಂದ ಜಾರಿ ಮಾಯವಾಗುತ್ತದೆ. ಸ್ಪೀಡ್ ಪೋಸ್ಟಿನಲ್ಲಿ ಬಂದರೆ ಸಹಿ ಹಾಕಲೇಬೇಕು. ಗ್ರೀಸಿನ ಕಲೆಯಾದ ಅರ್ಜಿಯನ್ನು ಮಡಿಸಿ ಲಕೋಟೆಗೆ ಹಾಕಿದೆ. ಬೋಲ್ಟ್ ಬಿಗಿದ ಹಾಗೆ ಒತ್ತಿ ಅಂಟಿಸಿದೆ. 

ನನ್ನ ಸರದಿ ಬಂತು. ಕಿಟಕಿಯ ಆಚೆ ಒಬ್ಬ ನಗುಮುಖದ ಗುಮಾಸ್ತ.

"ಏನು ಮಾವಶಿ, ರಾಖಿನಾ? ತಮ್ಮನಿಗಾ?"

ಹೌದೆಂದು ತಲೆ ಆಡಿಸಿದೆ.

ಅವನು ವಿಳಾಸ ಓದಿದ. ಹುಬ್ಬೇರಿಸಿದ. "ಅರೆ ವಾ! ನೀರಾವರಿ ಖಾತೆಯ ಕಾರ್ಯನಿರ್ವಾಹಕ ಇಂಜಿನಿಯರ್! ನಿಮ್ಮ ತಮ್ಮ ಭಾರೀ ಸಾಹೇಬ ಆಗಿದ್ದಾನಲ್ಲ ಮಾವಶಿ!"

ಠಪ್! ಠಸ್ಸೆ ಬಿತ್ತು.

"ಇಲ್ಲಪ್ಪಾ," ಎಂದೆ. "ತಮ್ಮನ ಮನೀಗೆ ಇದನ್ನ ಆ ಸಾಹೇಬ್ರೇ ಮುಟ್ಟಸ್ತಾರ."