ಮುಂದೆ ಬರೋರ ಪಾಲಿನ ಕಲ್ಲು

ಬಹಳ ಬಹಳ ಹಿಂದೆ, ಮಿಂಚುಳ್ಳಿ ಹಕ್ಕಿಗಳೇ ಓಲೆಕಾರರಾಗಿದ್ದ ಕಾಲದಲ್ಲಿ, ಏಳು ಗುಡ್ಡಗಳಾಚೆ ಒಂದು ರಾಜ್ಯವಿತ್ತು. ಅದಕ್ಕೆ ಮಿಂಚುಳ್ಳಿನಾಡು ಅಂತಲೇ ಹೆಸರು. ಅಲ್ಲಿ ಸುದ್ದಿ ಮುಟ್ಟಿಸಲು ಯಾರೂ ಆಳು ಓಡಿಸುತ್ತಿರಲಿಲ್ಲ. ಮಿಂಚುಳ್ಳಿಯ ಕಿವಿಯಲ್ಲಿ ಮಾತು ಉಸುರಿ, ಹೋಗಬೇಕಾದ ಮನೆಯ ಗುರುತು ಹೇಳಿದರೆ ಮುಗಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಹಕ್ಕಿ ಆ ಮನೆ ಬಾಗಿಲಲ್ಲಿ.

ಗುರುತು ಅಂದರೆ ನೆಲೆಗಲ್ಲಿನ ಗುರುತು. ಪ್ರತಿ ಮನೆಯ ಹೊಸ್ತಿಲ ಪಕ್ಕದಲ್ಲೂ ಒಂದು ನೆಲೆಗಲ್ಲು. ಒಂದರ ಮೇಲಿನ ಗೀರು ಇನ್ನೊಂದರ ಮೇಲಿಲ್ಲ, ಹಾಗಾಗಿ ಹಕ್ಕಿ ದಾರಿ ತಪ್ಪುವಂತಿಲ್ಲ. ಆ ಕಲ್ಲುಗಳೆಲ್ಲ ಹುಟ್ಟುವುದು ತಾಯಿಗುಡ್ಡದಲ್ಲಿ, ಕಾಯುವವಳು ಕಲ್ಲಜ್ಜಿ. ಅಜ್ಜಿ ಮನೆಮನೆಗೆ ಹಂಚುತ್ತ ಕೂರುವವಳಲ್ಲ. ಐದು ಸೀಮೆಯ ಐವರು ಗೌಡರಿಗೆ ರಾಶಿ ರಾಶಿಯಾಗಿ ಕೊಡುವಳು. ಗೌಡರು ಊರ ಯಜಮಾನರಿಗೆ ಬುಟ್ಟಿಗಟ್ಟಲೆ ಕೊಡುವರು. ಯಜಮಾನರು ಮನೆಗೊಂದು ಇಡುವರು. ಕೊಡುವ ಕೈ ಯಾವುದಾದರೂ ಹೇಳುವ ಮಾತು ಒಂದೇ: ಕಲ್ಲು ನಿನ್ನದಲ್ಲ, ಬೇಕಿರುವತನಕ ಇಟ್ಟುಕೋ, ಬೇಡವಾದಾಗ ತಿರುಗಿ ಕೊಡು.

ಆ ನಾಡಿನ ತೆಂಕಣ ಸೀಮೆಯಲ್ಲಿ ಗಾದ್ರಿ ಅನ್ನುವ ಹುಡುಗನಿದ್ದ. ಅವನದು ಉಪ್ಪಿನ ಬಿಡಾರ. ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಊರಿಂದೂರಿಗೆ ಅಲೆಯುವ ಜನ. ಅವರಿಗೊಂದು ಕಟ್ಟಳೆಯಿತ್ತು. ಬಿಡಾರ ಕೀಳುವಾಗ ಮೂರು ಒಲೆಗುಂಡು ಹಾಗೇ ಬಿಡಬೇಕು, ಪಕ್ಕದಲ್ಲೊಂದು ಹೊರೆ ಸೌದೆ ಇಡಬೇಕು, ಎಲೆಯಲ್ಲಿ ಹಿಡಿ ಉಪ್ಪು ಕಟ್ಟಿಡಬೇಕು. ಅದು ಮುಂದೆ ಬರೋರ ಪಾಲು. ಬರುವವರು ಯಾರೋ, ಯಾವ ಕುಲವೋ ಯಾರೂ ಕೇಳುತ್ತಿರಲಿಲ್ಲ. ಎಷ್ಟೇ ಚಳಿಯಿರಲಿ, ಆ ಸೌದೆಗೆ ಬಿಡಾರದ ಮಕ್ಕಳೂ ಕೈ ಹಾಕರು.

ಆದರೆ ಅವರಿಗೆ ಮನೆಯಿಲ್ಲ, ಮನೆಯಿಲ್ಲದ್ದಕ್ಕೆ ನೆಲೆಗಲ್ಲಿಲ್ಲ. ಹಿಂದಿನ ಮಳೆಗಾಲ ಹೊಳೆ ಉಕ್ಕಿದಾಗ ಮಿಂಚುಳ್ಳಿಗಳು ದಂಡೆಯ ಮನೆಮನೆಗೂ ಸುದ್ದಿ ಮುಟ್ಟಿಸಿದವು. ಬಿಡಾರದ ಮೇಲೆ ಹಾರಿ ಹೋದವು, ಇಳಿಯಲಿಲ್ಲ. ನೀರು ಬಂದದ್ದು ತಿಳಿಯುವಷ್ಟರಲ್ಲಿ ಗಾದ್ರಿಯ ಅಪ್ಪ ಕೊಚ್ಚಿಹೋಗಿದ್ದ. ಮತ್ತೆ ಮೋಡ ಕಟ್ಟುವ ಹೊತ್ತಿಗೆ ಗಾದ್ರಿ ತನ್ನ ಅಕ್ಕ ಕಾಟವ್ವನ ಮುಂದೆ ನಿಂತು, ಮಳೆ ಬೀಳೋದ್ರೊಳಗೆ ಒಂದು ಕಲ್ಲು ತಂದೇ ತರ್ತೀನಿ ಅಂದ. ಕಾಟವ್ವ ರೊಟ್ಟಿ ಬುತ್ತಿ ಕಟ್ಟಿಕೊಟ್ಟು, "ತಾ. ಆದ್ರೆ ಯಾರ ಕಾಲೂ ಹಿಡೀಬ್ಯಾಡ. ನಾವು ಉಪ್ಪು ಕೊಟ್ಟ ಜನ" ಅಂದಳು.

ಮೊದಲು ಹತ್ತಿರದ ಊರಿನ ಯಜಮಾನನ ಬಳಿ ಹೋದ. ಯಜಮಾನ ಹೊಟ್ಟೆ ಕುಣಿಸಿ ನಕ್ಕ. "ಹೊಸ್ತಿಲೇ ಇಲ್ದೋನಿಗೆ ನೆಲೆಗಲ್ಲೇನೋ? ಕತ್ತೆ ಬೆನ್ನಿಗೆ ಕಟ್ತೀಯಾ?"

"ಕತ್ತೇನೂ ಸುದ್ದಿ ಕೇಳ್ತದೆ ಯಜಮಾನ್ರೆ, ನಗಾಡೋದಿಲ್ಲ" ಅಂದು ಗಾದ್ರಿ ಮುಂದೆ ನಡೆದ.

ತೆಂಕಣ ಸೀಮೆಯ ಗೌಡಿಕೆ ನಡೆಸುತ್ತಿದ್ದ ಗೌಡಸಾನಿ ನಗಲಿಲ್ಲ. ಖಾಲಿ ಕಣಜ ತೆರೆದು ತೋರಿಸಿದಳು. ಕಬಳಸಿದ್ಧ ಅನ್ನುವ ಮಾಂತ್ರಿಕ ದಿನಕ್ಕೊಂದು ವೇಷ ಹಾಕಿ, ಇಲ್ಲದ ಊರುಗಳ ಯಜಮಾನ ತಾನೆಂದು ನಂಬಿಸಿ, ಸೀಮೆಯ ಕಲ್ಲನ್ನೆಲ್ಲ ತನ್ನ ಕಗ್ಗಲ್ಲ ಕೋಟೆಗೆ ಸಾಗಿಸಿದ್ದ. ಈಗ ಹೊಸದಾಗಿ ಮನೆ ಕಟ್ಟಿದವರು ಒಂದು ಕಲ್ಲಿಗಾಗಿ ಅವನ ಚಾಕರಿಗೆ ನಿಲ್ಲಬೇಕಿತ್ತು. ಮೋಸ ತನಗೆ ತಿಳಿಯುವಷ್ಟರಲ್ಲಿ ಹೊತ್ತು ಮೀರಿತ್ತೆಂದು ಗೌಡಸಾನಿ ತಲೆ ತಗ್ಗಿಸಿದಳು.

ಗಾದ್ರಿ ತಾಯಿಗುಡ್ಡ ಹತ್ತಿದ. ಕಲ್ಲಜ್ಜಿ ಅವನ ಕತೆ ಕೇಳಿದಳು. ಒಂದು ಗವಿಯ ಬಾಗಿಲು ತೆರೆದು, ನೀರು ತರ್ತೀನಿ, ಕೂತಿರು ಅಂದು ಕೊಡ ಎತ್ತಿಕೊಂಡು ಹೋದಳು.

ಒಳಗೆ ಇಣುಕಿದರೆ ಕಣ್ಣು ಹರಿಯುವಷ್ಟು ದೂರ ಕಲ್ಲೇ ಕಲ್ಲು, ಯಾವ ಹಕ್ಕಿಯೂ ಇನ್ನೂ ನೋಡದ ಗೀರುಗಳು. ಗಾದ್ರಿ ಕೈ ಚಾಚಿದ. ಒಂದು, ಒಂದೇ ಒಂದು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಬಿಡಾರ ಉಳಿಯಿತು. ಆಗ ನೆಲದ ಮೇಲಿನ ದೂಳು ನೋಡಿದ. ಅಲ್ಲಿ ಒಂದೂ ಹೆಜ್ಜೆ ಗುರುತಿರಲಿಲ್ಲ. ಬಾಗಿಲಿಂದಲೇ ಹಿಂದೆ ಸರಿದು ಬಂಡೆಯ ಮೇಲೆ ಕೂತ.

ಅಜ್ಜಿ ಬಂದು ಕೇಳಿದಳು, "ಯಾಕಪ್ಪ, ಬೇಡ್ವಾ?"

"ಬೇಕು ಅಜ್ಜಿ, ಬೇಕಾದಷ್ಟು ಬೇಕು. ಆದ್ರೆ ಅದು ಮುಂದೆ ಬರೋರ ಪಾಲು. ಹಂಗೆ ಇಟ್ಟ ಒಲೆ ನೋಡಿದ್ರೆ ನಮಗೆ ಗೊತ್ತಾಗ್ತದೆ."

ಅಜ್ಜಿ ಕೊಡ ಇಳಿಸಿ ಅವನ ಮುಖವನ್ನೇ ನೋಡಿದಳು. "ಇನ್ನೂ ಹುಟ್ಟದವರಿಗೆ ಅಂತ ತೆಗೆದಿಟ್ಟ ಗವಿ ಇದು. ಎಷ್ಟು ರಾಜರು ಬಂದರು, ಎಲ್ಲರಿಗೂ ವಿವರಿಸಬೇಕಾಯ್ತು. ನಿನಗೆ ಬೇಕಾಗಲಿಲ್ಲ." ಆಮೇಲೆ ಯಾರ ಮನೆಗೂ ಕೊಡದೆ ಮೀಸಲಿಟ್ಟಿದ್ದ ಮೂರು ಬಗೆಯ ಕಲ್ಲಿನಲ್ಲಿ ಒಂದೊಂದನ್ನು ಅವನ ಕೈಗಿಟ್ಟಳು. ಒಳಗಲ್ಲು: ಇದರ ಗುರುತು ಯಾರ ಅಂಗಳದಲ್ಲಾದರೂ ಒಳಗೊಳಗೆ ನಡೆಯುತ್ತದೆ, ಹಿಡಿದವನ ಸುಳಿವು ಹೊರಗಿನ ಯಾವ ಪ್ರಾಣಿಗೂ ತಿಳಿಯದು. ಮರಳುಗಲ್ಲು: ಇದಕ್ಕೆ ಏನು ಕಳಿಸಿದರೂ ಕಳಿಸಿದವನಿಗೇ ಹಿಂತಿರುಗುತ್ತದೆ. ಕರೆಗಲ್ಲು: ಇದರಲ್ಲಿ ಒಮ್ಮೆ ಕೂಗಿದರೆ ಕಿವಿಗೊಟ್ಟವರಿಗೆಲ್ಲ ಒಟ್ಟಿಗೆ ಕೇಳಿಸುತ್ತದೆ.

ಸೀಮೆಯ ಕಲ್ಲು ಬಿಡಿಸಿ ತರಲು ಗಾದ್ರಿ ನೆಟ್ಟಗೆ ಕಬಳಸಿದ್ಧನ ಕೋಟೆಗೆ ಹೋದ. ಬಾಗಿಲಲ್ಲಿ ಹುಲಿಮೋರೆಯ ನಾಯಿ ಮಲಗಿತ್ತು. ನಾಡಿನ ಯಾವ ಗುರುತು ಹತ್ತಿರ ಸುಳಿದರೂ ಮೂಸಿ ಹಿಡಿಯುವ ಮಾಯಾನಾಯಿ. ಗಾದ್ರಿ ಒಳಗಲ್ಲನ್ನು ಎದೆಗೊತ್ತಿ ನಡೆದ. ನಾಯಿ ಮೂಗು ಎತ್ತಿತು. ಗಾಳಿ ಬಂತು ಅಂದುಕೊಂಡು ಮತ್ತೆ ಮಲಗಿತು.

ಒಳಗೆ ಕಲ್ಲಿನ ರಾಶಿಯ ಮೇಲೆ ಕಬಳಸಿದ್ಧ ಕೂತಿದ್ದ. ಸುತ್ತ ಅವನ ಶಾಪದ ಹದ್ದುಗಳು. ಅವು ಮುಟ್ಟಿದವರೆಲ್ಲ ಕಲ್ಲಾಗುತ್ತಿದ್ದರು. ಆದರೆ ಹದ್ದಾದರೂ ಹಕ್ಕಿಯೇ, ಗುರುತು ಹೇಳದೆ ಹಾರದು.

"ಯಾರೋ ನೀನು? ಯಾವ ಮನೆಯವನು?"

"ಮನೆಯಿಲ್ಲ. ಉಪ್ಪಿನ ಬಿಡಾರದ ಗಾದ್ರಿ. ಈ ಕಲ್ಲನ್ನೆಲ್ಲ ತಿರುಗಿ ಒಯ್ಯೋಕೆ ಬಂದೆ."

ಮಾಂತ್ರಿಕನಿಗೆ ನಗು ತಡೆಯಲಾಗಲಿಲ್ಲ. ಉಪ್ಪು ಮಾರೋನು ನನ್ನ ರಾಶಿ ಕೇಳ್ತಾನೆ ಅಂತ ಹದ್ದುಗಳಿಗೆ ಹೇಳಿದ. ಆಗ ಗಾದ್ರಿ ಮರಳುಗಲ್ಲನ್ನು ಅಂಗೈಯಲ್ಲಿ ಎತ್ತಿ ಹಿಡಿದ. "ಹದ್ದು ಕಳಿಸ್ತೀಯಾ? ಕಳಿಸು. ನನ್ನ ಗುರುತು ಇದು."

ಅಷ್ಟು ಕಲ್ಲು ಕೂಡಿಟ್ಟವನಿಗೆ ಕಲ್ಲಿನ ಬಗೆ ತಿಳಿದಿರಲಿಲ್ಲ. ಕೇಳಿ ತಿಳಿಯಲು ಅವನು ಎಂದೂ ತಾಯಿಗುಡ್ಡ ಹತ್ತಿದವನಲ್ಲ, ವೇಷ ಹಾಕಿ ಬಾಚಿದವನು. ಗೀರು ಓದಿ ಹದ್ದಿಗೆ ಉಸುರಿದ. ಹದ್ದು ರೆಕ್ಕೆ ಬಿಚ್ಚಿತು, ಗಾದ್ರಿಯ ಕಡೆ ಒಂದು ಮಾರು ಹಾರಿತು, ಗಾಳಿಯಲ್ಲೇ ತಿರುಗಿ ಕಳಿಸಿದವನ ಹೆಗಲ ಮೇಲೆ ಕೂತಿತು. ಕಬಳಸಿದ್ಧ ಬಾಯಿ ತೆರೆದಂತೆಯೇ ಕಲ್ಲಾದ. ಆ ಕಲ್ಲಿನ ಮೇಲೆ ಗೀರೂ ಇರಲಿಲ್ಲ, ಗುರುತೂ ಇರಲಿಲ್ಲ.

ಗಾದ್ರಿ ಕರೆಗಲ್ಲಿಗೆ ಬಾಯಿಟ್ಟು ಒಮ್ಮೆ ಕೂಗಿದ. ನಾಡಿನ ಮಿಂಚುಳ್ಳಿಗಳೆಲ್ಲ ನೀಲಿ ಮೋಡದ ಹಾಗೆ ಬಂದಿಳಿದು, ಕೊಕ್ಕಿಗೊಂದು ಕಲ್ಲು ಕಚ್ಚಿಕೊಂಡು ಗೌಡಸಾನಿಯ ಕಣಜಕ್ಕೆ ಹೊತ್ತೊಯ್ದವು.

ಕಣಜದ ಮುಂದೆ ಜನ ನೆರೆದರು. ಗೌಡಸಾನಿ ತಾನೇ ಒಂದು ಕಲ್ಲು ಆರಿಸಿ ಗಾದ್ರಿಯ ಮುಂದೆ ಹಿಡಿದಳು. ಆದರೆ ಕೈ ತಡೆಯಿತು. ಕಲ್ಲು ಒಂದು ಕಡೆ ಊರಬೇಕು, ಬಿಡಾರ ಒಂದು ಕಡೆ ನಿಲ್ಲದು; ಎಲ್ಲಿ ಇಡ್ತೀಯಪ್ಪ ಇದನ್ನ ಅಂತ ಕೇಳಿದಳು. ಗುಂಪಿನಲ್ಲಿದ್ದ ಯಜಮಾನ, ನಾನು ಅವತ್ತೇ ಹೇಳಿದ್ದೆ ಅನ್ನುವ ಮುಖ ಮಾಡಿದ.

ಗಾದ್ರಿ ತಲೆಯೆತ್ತಿ ಹೇಳಿದ: "ನಮಗೆ ಹೊಸ್ತಿಲಿಲ್ಲ ತಾಯಿ, ಒಲೆ ಐತೆ. ನಾವು ತಂಗೋ ಒಂದೊಂದು ಒಲೆಯ ಪಕ್ಕ ಒಂದೊಂದು ಕಲ್ಲು ಊರಿ. ಬೆಂಕಿ ಹಚ್ಚಿದವರದು ಆ ಗುರುತು. ಬೆಂಕಿ ಆರಿಸಿ ಹೊರಟ್ರೆ ಕಲ್ಲು ಅಲ್ಲೇ ಇರ್ತದೆ, ಸೌದೆ ಜೊತೆ, ಉಪ್ಪಿನ ಜೊತೆ. ಯಾರು ಬಂದರೂ ಸರಿ."

ಗೌಡಸಾನಿ ಹಾಗೇ ಆಗಲಿ ಅಂದಳು. ಕಲ್ಲಜ್ಜಿ ಎಂದೂ ಗುಡ್ಡ ಇಳಿಯದವಳು ಅಂದು ಇಳಿದು ಬಂದು, ಮೊದಲ ಕಲ್ಲನ್ನು ತಾನೇ ಹೊತ್ತು ಹೊಳೆದಂಡೆಯ ಒಲೆಯ ಪಕ್ಕ ಊರಿದಳು. ಸುದ್ದಿ ಮಿಂಚುಳ್ಳಿನಾಡಿನ ರಾಜನಿಗೂ ಮುಟ್ಟಿ, ಅವನು ಇಡೀ ನಾಡಿಗೆ ಡಂಗುರ ಹೊಡೆಸಿದ: ದಾರಿಯಲ್ಲಿರುವವರಿಗೆಲ್ಲ ಇನ್ನು ಮೇಲೆ ಉಪ್ಪಿನ ಬಿಡಾರದ ಕಟ್ಟಳೆಯೇ ಕಟ್ಟಳೆ. ನಕ್ಕಿದ್ದ ಯಜಮಾನ ಒಂದು ಸಲ ದೂರದೂರಿಗೆ ಹೋಗುವಾಗ ಅಂಥದೇ ಒಲೆಯ ಮುಂದೆ ಗಂಜಿ ಕಾಯಿಸುತ್ತಿದ್ದನಂತೆ. ಮೊಮ್ಮಗ ಹುಟ್ಟಿದ ಸುದ್ದಿ ಅಲ್ಲಿಗೇ ಬಂತಂತೆ. ಎದ್ದು ಹೋಗುವಾಗ ಕೇಳದೆಯೇ ಸೌದೆ ಒಟ್ಟಿ ಹೋದನಂತೆ.

ಮಳೆ ಬಂತು. ಹೊಳೆ ಕೆಂಪಗೆ ಏರತೊಡಗಿತು. ಕಾಟವ್ವ ಒಲೆ ಊದುತ್ತಿದ್ದಾಗ ಒಂದು ಮಿಂಚುಳ್ಳಿ ಇಳಿದು ಬಂದು ಕಲ್ಲಿನ ಮೇಲೆ ಕೂತಿತು. ನೆರೆ ಬರ್ತಿದೆ, ದಿಬ್ಬ ಹತ್ತಿ ಅಂತು. ಕತ್ತೆಗಳ ಮೇಲೆ ಮಕ್ಕಳನ್ನೂ ಮುದುಕರನ್ನೂ ಕೂರಿಸಿ ಬಿಡಾರ ದಿಬ್ಬ ಹತ್ತಿತು. ಒಬ್ಬರ ಕಾಲೂ ತೇವವಾಗಲಿಲ್ಲ. ಮೇಲೆ ಮೊದಲೇ ಯಾರೋ ಬಿಟ್ಟುಹೋದ ಒಲೆಯಿತ್ತು, ಒಣ ಸೌದೆಯಿತ್ತು, ಹಿಡಿ ಉಪ್ಪಿತ್ತು, ಪಕ್ಕದಲ್ಲೊಂದು ನೆಲೆಗಲ್ಲಿತ್ತು. ಕಾಟವ್ವ ಬೆಂಕಿ ಹಚ್ಚಿದಳು. ಗಾದ್ರಿ ನೀರಿಳಿದ ಮೇಲೆ ಹೊಸ ಸೌದೆ ಕಡಿದಿಟ್ಟು ಎಲ್ಲರಿಗಿಂತ ಹಿಂದೆ ಹೊರಟ.

ಆ ಬಿಡಾರ ಇವತ್ತಿಗೂ ನಗುನಗುತ್ತ ಅಲೆಯುತ್ತಿದೆ. ತಾಯಿಗುಡ್ಡದ ಗವಿಯ ದೂಳಿನ ಮೇಲೆ ಇವತ್ತಿಗೂ ಒಂದು ಹೆಜ್ಜೆ ಬಿದ್ದಿಲ್ಲ.