ಅಳತೆಗೆ ನಿಂತವಳು

ಪಾಳು ದೇವಸ್ಥಾನದ ಮುಂದೆ ಕಾರು ನಿಲ್ಲಿಸಿ, ಡಿಕ್ಕಿಯಿಂದ ಮೇಸ್ತ್ರಿ ಆ ಕೋಲನ್ನು ಹೊರಗೆಳೆದಾಗ ಅವನ ಸ್ನೇಹಿತೆ ಕಡ್ಡಿಗೆ ಮೊದಲು ಬಂದದ್ದು ನಗುವೇ. ಆಳೆತ್ತರದ ಮರದ ಕೋಲು, ಮೈತುಂಬ ಕೆಂಪು ಬಿಳಿ ಪಟ್ಟೆ, ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

"ಇದೇನೋ? ಬರೋ ದಾರೀಲಿ ರೈಲ್ವೆ ಗೇಟು ಕಿತ್ಕೊಂಡು ಬಂದ್ಯಾ?"

"ಅಳತೆ ಕೋಲು," ಎಂದ ಅವನು, ಅವಳ ಕಡೆ ನೋಡದೆ. "ಇನ್ಮೇಲೆ ಕಂಬದ ಪಕ್ಕ ಇದೇ ನಿಲ್ಲುತ್ತೆ. ನಿನಗೆ ಬಿಡುಗಡೆ."

ನಗು ತುಟಿಯ ಮೇಲೇ ಒಣಗಿತು.

ಮೇಸ್ತ್ರಿ ಎಂದರೆ ಗಾರೆ ಕೆಲಸದವನಲ್ಲ. ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಬರೆಯುವವನು. ಕಾಲೇಜಿನಲ್ಲಿ ಯಾರೋ ಇಟ್ಟ ಹೆಸರು ಮೈಗಂಟಿಕೊಂಡಿತ್ತು. ಎತ್ತರಕ್ಕೆ, ತೆಳ್ಳಗೆ ಇದ್ದ ಅವಳಿಗೆ ಕಡ್ಡಿ ಎಂದು ಹೆಸರಿಟ್ಟವನು ಮಾತ್ರ ಅವನೇ. ಅವನ ಕೆಲಸದಲ್ಲಿ ಒಂದು ಪದ್ಧತಿಯಿದೆ. ಕಂಬದ ಫೋಟೋ ತೆಗೆಯುವಾಗ ಪಕ್ಕದಲ್ಲಿ ಏನಾದರೂ ಅಳತೆಗೆ ಇರಬೇಕು. ಇಲ್ಲದಿದ್ದರೆ ಫೋಟೋದಲ್ಲಿ ಅದು ಹೆಬ್ಬೆರಳಿನಷ್ಟಿದೆಯೋ ಹೆಮ್ಮರದಷ್ಟಿದೆಯೋ ಯಾರಿಗೆ ಗೊತ್ತಾಗಬೇಕು? ಕಾಲೇಜಿನ ದಿನಗಳಿಂದಲೂ, ಸ್ನೇಹಿತರು ಯಾವ ಪಾಳುಗುಡಿಗೆ ಹೋಗಲಿ, ಯಾವ ಮುರುಕು ಕೋಟೆ ಹತ್ತಲಿ, ಹಾಗೆ ಅಳತೆಗೆ ನಿಂತವಳು ಕಡ್ಡಿಯೇ.

"ಕಡ್ಡಿ, ಸ್ವಲ್ಪ ನಿಂತ್ಕೋ. ಕೈ ಮೇಲೆ ಮಾಡು. ಗದ್ದ ಎತ್ತು. ಅಷ್ಟಲ್ಲ ಮಾರಾಯ್ತಿ! ಮತ್ತೆ, ನಗಬೇಡ. ಅಳತೆ ಕೆಡುತ್ತೆ."

"ನಾನು ನಕ್ಕರೆ ನಿನ್ನ ಅಳತೆ ಹೇಗೋ ಕೆಡುತ್ತೆ?"

"ನನ್ನ ಕೈ ಅಲ್ಲಾಡುತ್ತೆ."

ಅದನ್ನವಳು ತಮಾಷೆ ಎಂದೇ ತಿಳಿದಿದ್ದಳು. ಕ್ಯಾಮೆರಾದ ಹಿಂದಿನಿಂದ ಒಂದು ಕಣ್ಣು ಮುಚ್ಚಿ ಅವನು ನೋಡುತ್ತಿದ್ದಷ್ಟು ಹೊತ್ತೂ ಅವಳಿಗೆ ಕೆನ್ನೆ ಬಿಸಿಯಾಗುತ್ತಿತ್ತು. ಆದರೆ ಅವನು ನೋಡುತ್ತಿರುವುದು ಕಂಬವನ್ನು, ತಾನು ಬರೀ ಅಳತೆ ಎಂದು ತನಗೆ ತಾನೇ ಬುದ್ಧಿ ಹೇಳಿಕೊಳ್ಳುತ್ತಿದ್ದಳು. ಅವಳದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕೆಲಸ. ಬಿದ್ದವರಿಗೆ, ಮಂಡಿ ಮುರಿದವರಿಗೆ ಹೆಗಲು ಕೊಟ್ಟು ಎದ್ದು ನಿಲ್ಲುವುದನ್ನು ಕಲಿಸುವುದು. ದಿನವಿಡೀ ಊರವರನ್ನೆಲ್ಲ ನಿಲ್ಲಿಸುವ ಹುಡುಗಿ, ರಜೆ ಬಂತೆಂದರೆ ಅವನು ಹೇಳಿದಲ್ಲಿ ಹೋಗಿ ನಿಲ್ಲುತ್ತಿದ್ದಳು.

ಈಗ ಅವಳ ಮದುವೆ ಗೊತ್ತಾಗಿತ್ತು. ಅವನ ಅಣ್ಣನ ಜೊತೆ.

ಅಣ್ಣ ಕನ್ನಡಕದ ಅಂಗಡಿಯವನು. ಅಪ್ಪ ಅಮ್ಮ ಹೋದ ಮೇಲೆ ಗಾಜು ಉಜ್ಜಿ ತಮ್ಮನನ್ನು ಓದಿಸಿದವನು. ತಮ್ಮನ ಕೋಣೆಯ ಗೋಡೆ ತುಂಬ ಅಂಟಿಸಿದ್ದ ಫೋಟೋಗಳಲ್ಲಿ ಲೋಕ ಕಂಬ ನೋಡಿದರೆ, ಅಣ್ಣ ಕಂಬದ ಪಕ್ಕ ನಿಂತವಳನ್ನು ನೋಡಿದ. ಒಂದು ದಿನ ಮೇಸ್ತ್ರಿಯೇ ಆಸ್ಪತ್ರೆಯ ಕ್ಯಾಂಟೀನಿಗೆ ಬಂದು, ಕಾಫಿಯನ್ನು ಕಲಕುತ್ತ, ಕಲಕುತ್ತಲೇ ಇದ್ದು, "ನಮ್ಮಣ್ಣ ನಿನ್ನ ಕೇಳ್ತಿದಾನೆ," ಎಂದಿದ್ದ.

"ನೀನೇನಂತೀಯ?"

"ನಾನೇನನ್ನಲಿ. ನನಗಿಂತ ಒಳ್ಳೆಯವನು ಅವನು."

ಅವನು ತಲೆ ಎತ್ತಲಿ ಎಂದು ಅವಳು ಕಾದಳು. ಎತ್ತಲಿಲ್ಲ. ಮೈಯೆಲ್ಲ ಉರಿದುಹೋಗಿ, "ಹಾಗಾದ್ರೆ ಸರಿ," ಎಂದುಬಿಟ್ಟಳು, ಇನ್ನೊಂದು ಕಾಫಿ ಹೇಳಿದಷ್ಟು ಸಲೀಸಾಗಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾರನೆಯ ದಿನವೇ ಎರಡೂ ಮನೆಯವರು ಮಾತಾಡಿ ಮುಗಿಸಿದ್ದರು. ಇನ್ನು ಕೆಲವೇ ವಾರ. ಮದುವೆಗೆ ಮುಂಚಿನ ಕೊನೆಯ ಪ್ರವಾಸ ಇದು.

"ಏನಯ್ಯಾ ಮೈದುನ, ಅತ್ತಿಗೆ ಬ್ಯಾಗು ಹಿಡ್ಕೋಬಾರದಾ?" ಟಿಕೆಟ್ ಕಿಟಕಿಯ ಮುಂದೆಯೇ ಡಾಕ್ಟರು ಶುರು ಮಾಡಿದ. ದನಕರುಗಳ ಡಾಕ್ಟರು ಅವನು, ಹಾಸ್ಟೆಲಿನಲ್ಲಿ ಮೇಸ್ತ್ರಿಯ ರೂಮಿನವನು. ದನಿ ಮಾತ್ರ ಕೊಟ್ಟಿಗೆಯ ಆಚೆ ತುದಿಗೂ ಕೇಳಬೇಕು ಎನ್ನುವಂಥದ್ದು. "ಅತ್ತಿಗೆ ಅಂತ ಒಂದ್ಸಲ ಅನ್ನಪ್ಪಾ, ಕೇಳಿ ಪುಣ್ಯ ಕಟ್ಕೋತೀವಿ."

"ಮದುವೆ ಆಗ್ಲಿ ಬಿಡು," ಎಂದು ಮೇಸ್ತ್ರಿ ಕೋಲು ಹೆಗಲಿಗೇರಿಸಿ ಮುಂದೆ ನಡೆದ.

"ಸುಮ್ನಿರ್ರೀ," ಎಂದು ಗಂಡನ ಬೆನ್ನಿಗೊಂದು ಕೊಟ್ಟಳು ಟೀಚರಮ್ಮ. ಡಾಕ್ಟರ ಹೆಂಡತಿ; ಶಾಲೆಯಲ್ಲಿ ಪಾಠ ಹೇಳಿ ಹೇಳಿ, ಯಾರ ಮುಖದಲ್ಲಿ ಏನಿದೆ ಎಂದು ಹಿಂದಿನ ಬೆಂಚಿನವರೆಗೂ ಓದಬಲ್ಲವಳು. ಆದರೆ ಇವತ್ತು ಕಡ್ಡಿಯ ಮುಖ ಅವಳಿಗೂ ಸಿಕ್ಕಲಿಲ್ಲ. ಕಡ್ಡಿ ಹೊಸ ಕನ್ನಡಕ ಹಾಕಿದ್ದಳು. ಬಿಸಿಲಿಗೆ ಬಂದರೆ ತಾನೇ ಕಪ್ಪಾಗಿ, ನೆರಳಿಗೆ ಹೋದರೆ ನಿಧಾನಕ್ಕೆ ತಿಳಿಯಾಗುವ ಗಾಜು. ಪ್ರವಾಸಕ್ಕೆಂದು ಅಣ್ಣನೇ ಕೂತು ಕೂರಿಸಿ ಕೊಟ್ಟದ್ದು.

ದೇವಸ್ಥಾನದಲ್ಲಿ ದೇವರಿರಲಿಲ್ಲ, ಚಾವಣಿಯೂ ಇರಲಿಲ್ಲ. ಆಕಾಶವನ್ನೇ ಹೊತ್ತಂತೆ ಕಂಬಗಳ ಸಾಲು. ಕೆಲವು ನಿಂತಿದ್ದವು, ಕೆಲವು ಮಲಗಿ ಹುಲ್ಲು ಹೊದ್ದಿದ್ದವು. ಕಲ್ಲು ಹತ್ತಿದವರ ಮೇಲೆ ಕಾವಲುಗಾರ ಸೀಟಿ ಊದುತ್ತಿದ್ದ.

ಬಿದ್ದ ತೊಲೆಯೊಂದರ ಮೇಲೆ ಕೂತು ಕಡ್ಡಿ ನೋಡುತ್ತಿದ್ದಳು. ಮೇಸ್ತ್ರಿ ಕೋಲನ್ನು ಕಂಬಕ್ಕೆ ಒರಗಿಸಿದ, ಹಿಂದೆ ಬಂದ, ಕ್ಯಾಮೆರಾ ಎತ್ತಿದ, ಒಂದೇ ಏಟಿಗೆ ಕ್ಲಿಕ್ ಎನಿಸಿದ. ಮುಂದಿನ ಕಂಬ. ಮತ್ತೊಂದು ಕ್ಲಿಕ್. ಗದ್ದ ಎತ್ತು ಎನ್ನಬೇಕಿಲ್ಲ, ನಗಬೇಡ ಎನ್ನಬೇಕಿಲ್ಲ. ಕೆಲಸ ಎಷ್ಟು ಬೇಗ ಸಾಗುತ್ತಿತ್ತು! ತನ್ನನ್ನು ನಿಲ್ಲಿಸಿದಾಗ ಒಂದೊಂದು ಕಂಬಕ್ಕೂ ಅಷ್ಟು ಹೊತ್ತು ಯಾಕೆ ಹಿಡಿಯುತ್ತಿತ್ತೋ. ಒಂದು ಕೋಲಿನ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಶತ್ರುವಿಗೂ ಬರಬಾರದು.

"ಮದುವೆ ಹುಡುಗಿ ಹೀಗಾ ಕೂರೋದು, ಹಲ್ಲುನೋವು ಬಂದೋರ ಥರ?" ಟೀಚರಮ್ಮ ಪಕ್ಕದಲ್ಲಿ ಬಂದು ಕೂತಳು.

"ಬಿಸಿಲು ಅಕ್ಕಾ."

"ಹೂಂ. ಬಿಸಿಲು."

ಅಷ್ಟರಲ್ಲಿ ಗಾಳಿಗೆ ಕೋಲು ಜಾರಿ ಬಿತ್ತು. ಎತ್ತಲು ಹೋದ ಡಾಕ್ಟರು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ಕಂಬಗಳೆಲ್ಲ ಬೆಚ್ಚುವಂತೆ ಕೂಗಿದ.

"ಲೇ ಮೇಸ್ತ್ರಿ! ಇದು ನಮ್ಮ ರೂಮಿನ ಕೋಲಲ್ವೇನೋ!"

ಮೇಸ್ತ್ರಿ ಕ್ಯಾಮೆರಾ ಇಳಿಸಿ ಗರ್ಭಗುಡಿಯ ಕಡೆ ತಿರುಗಿದ.

"ಹೌದು ಕಣೇ, ಇಲ್ನೋಡು," ಡಾಕ್ಟರು ಕೋಲನ್ನು ಹೆಂಗಸರ ಬಳಿಗೇ ಹೊತ್ತು ತಂದ. ಬಣ್ಣದ ಅಡಿಯಲ್ಲಿ ಬೊಟ್ಟು ಹಿಡಿಸುವಷ್ಟು ಒಂದು ತಗ್ಗು. "ಇಸ್ತ್ರಿಪೆಟ್ಟಿಗೆ ಇಟ್ಟು ನಾನೇ ಸುಟ್ಟಿದ್ದು. ಕಾಲೇಜು ಸೇರಿದಾಗಲೇ ಇವನಣ್ಣ ಬಡಗಿ ಹತ್ರ ಕೂತು ಮಾಡಿಸ್ಕೊಟ್ಟಿದ್ರು. ಈ ಪುಣ್ಯಾತ್ಮ ಒಂದಿನ ಆದ್ರೂ ಹೊರಗೆ ತೆಗೀಬೇಕಲ್ಲ! ಕೊನೇವರೆಗೂ ನನ್ನ ಬನಿಯನ್ನೇ ಒಣಗ್ತು ಇದರ ಮೇಲೆ."

ಕಡ್ಡಿ ಆ ತಗ್ಗನ್ನು ಬೊಟ್ಟಿನಿಂದ ಮುಟ್ಟಿ ನೋಡಿದಳು. ಕಾಲೇಜು ಸೇರಿದಾಗಲೇ. ಹಾಗಾದರೆ ಮೊದಲ ಕಂಬಕ್ಕಿಂತ ಮುಂಚೆಯೇ ಕೋಲಿತ್ತು.

ಟೀಚರಮ್ಮ ಒಮ್ಮೆ ಕಡ್ಡಿಯನ್ನು ನೋಡಿದಳು, ಒಮ್ಮೆ ಕತ್ತಲ ಗರ್ಭಗುಡಿಯೊಳಗೆ ಸರಸರನೆ ನಡೆದುಹೋಗುತ್ತಿದ್ದ ಮೇಸ್ತ್ರಿಯ ಬೆನ್ನನ್ನು ನೋಡಿದಳು. ಎದ್ದು ಗಂಡನ ತೋಳು ಹಿಡಿದಳು.

"ಬನ್ರೀ, ನೀರು ತರೋಣ."

"ಬ್ಯಾಗಲ್ಲಿ ಇದೆಯಲ್ಲೇ."

"ತಣ್ಣಗಿರೋದು ಬೇಕು."

"ಇದೂ ತಣ್ಣಗೇ..."

"ಬನ್ರೀ ಅಂದ್ರೆ!"

ಗರ್ಭಗುಡಿಯೊಂದಕ್ಕೇ ಚಾವಣಿ ಉಳಿದಿತ್ತು. ಒಳಗೆ ಕಾಲಿಟ್ಟ ಕಡ್ಡಿಗೆ ಏನೂ ಕಾಣಲಿಲ್ಲ. ಕಣ್ಣಿನ ಮೇಲೆ ಗಾಜಿನ ಕಪ್ಪು, ಅದರಾಚೆ ಕೋಣೆಯ ಕಪ್ಪು.

"ಹುಷಾರು, ಹೊಸ್ತಿಲು ಎತ್ತರ ಇದೆ," ಕತ್ತಲಿಂದ ಅವನ ದನಿ.

ಗೋಡೆ ಹಿಡಿದು ನಿಂತಳು. "ಕೋಲು ಮೊದಲಿಂದಾನೂ ಇತ್ತಂತೆ."

"ಡಾಕ್ಟರ ಬಾಯಿಗೆ ಬೀಗ ಇಲ್ಲ."

"ಇತ್ತಾ, ಇಲ್ವಾ?"

"ಇತ್ತು."

"ಮತ್ತೆ ನನ್ನನ್ಯಾಕೆ ನಿಲ್ಲಿಸ್ತಿದ್ದೆ? ಆ ಉರಿಬಿಸಿಲಲ್ಲಿ. ಒಂದ್ಸಲ ಇರುವೆ ಗೂಡಿನ ಮೇಲೆ. ಜ್ವರ ಬಂದಾಗ್ಲೂ ಬಿಡಲಿಲ್ಲ ನೀನು."

ಅವನು ಅಳೆಯುವ ಟೇಪನ್ನು ಎಳೆದು ಬಿಟ್ಟ. ಸರ್ರನೆ ಸುತ್ತಿಕೊಂಡಿತು. ಮತ್ತೆ ಎಳೆದ, ಮತ್ತೆ ಬಿಟ್ಟ.

"ನಿನಗೆ ಗೊತ್ತಿದೆ ಅಂದ್ಕೊಂಡಿದ್ದೆ."

"ಏನು?"

"ಗೊತ್ತಿಲ್ದೆ ಯಾರಾದ್ರೂ ಅಷ್ಟು ವರ್ಷ ನಿಲ್ತಾರಾ, ಕಡ್ಡಿ? ಇರುವೆ ಕಚ್ಚಿದ್ರೂ ನಿಂತಿದಾಳಲ್ಲ, ಅಂದ್ಮೇಲೆ ಗೊತ್ತಿದ್ದೇ ನಿಂತಿದಾಳೆ ಅಂದ್ಕೊಂಡೆ. ಬಾಯಿಬಿಟ್ಟು ಹೇಳೋದೇನಿದೆ ಅಂತ ಸುಮ್ನಿದ್ದೆ. ಅಣ್ಣ ಕೇಳಿದಾಗ ಅವನ ಮುಖ ನೋಡಿ ಇಲ್ಲ ಅನ್ನೋಕೆ ನನ್ನಿಂದ ಆಗ್ಲಿಲ್ಲ. ಹುಟ್ಟಿದಾಗಿಂದ ಅವನು ನನ್ನ ಏನೂ ಕೇಳಿರಲಿಲ್ಲ. ಇರ್ಲಿ, ನೀನೇ ಇಲ್ಲ ಅಂತೀಯ, ಆ ಬಿಸಿ ಕಾಫಿ ನನ್ನ ಮುಖಕ್ಕೆ ಎರಚ್ತೀಯ ಅಂತ ಕಾದೆ. ನೀನು 'ಹಾಗಾದ್ರೆ ಸರಿ' ಅಂದೆ."

"ನೀನು ತಲೆ ಎತ್ತಿದ್ರೆ ಎರಚ್ತಿದ್ದೆ."

ಹೊರಗೆ ಯಾರ ಮೇಲೋ ಸೀಟಿ ಕೇಳಿಸಿತು. ಅಷ್ಟು ಹೊತ್ತಿಗೆ ಅಣ್ಣ ಕೊಟ್ಟ ಗಾಜು ತನ್ನ ಪಾಡಿಗೆ ತಾನು ತಿಳಿಯಾಗುತ್ತ ಬಂದಿತ್ತು. ಮೊದಲು ಹೊಗೆಯ ಬಣ್ಣ, ಆಮೇಲೆ ತೆಳು ಕಂದು, ಆಮೇಲೆ ನೀರು. ಅವಳಿಗೆ ಅವನ ಮುಖ ಕಂಡಿತು. ಬಾಗಿಲ ಬೆಳಕು ಅವಳ ಕೆನ್ನೆಯ ಮೇಲಿತ್ತು. ಬೆಳಿಗ್ಗೆಯಿಂದ ಯಾರಿಗೂ ಕಾಣದಂತೆ ಕಾಪಾಡಿಕೊಂಡು ಬಂದದ್ದೆಲ್ಲ ಅವನಿಗೂ ಕಂಡಿತು.

"ಅಯ್ಯೋ," ಎಂದನವನು ಮೆಲ್ಲಗೆ. "ಬೆಳಿಗ್ಗೆಯಿಂದಾನಾ?"

"ಕಾರಿಂದ ಇಳಿದಾಗಿಂದ." ಅಂಗೈಯಿಂದ ಒರೆಸಿಕೊಂಡಳು. "ಈಗ ಹೇಳು. ಒಂದೇ ಒಂದು ಮಾತು. ಈಗಲೇ ನಿಮ್ಮಣ್ಣನಿಗೆ ಫೋನ್ ಮಾಡ್ತೀನಿ. ತಪ್ಪೆಲ್ಲ ನನ್ನದೇ ಅಂತೀನಿ, ನಿನ್ನ ಹೆಸರು ಎತ್ತಲ್ಲ. ಹೇಳೋ."

ಅವನು ಟೇಪನ್ನು ಜೇಬಿಗೆ ಹಾಕಿಕೊಂಡ.

"ಅವನು ಈಗ ಹಾಡ್ತಾನೆ, ಕಡ್ಡಿ."

"ಯಾರು?"

"ಅಣ್ಣ. ಅಂಗಡಿ ಬಾಗಿಲು ಹಾಕಿ ಬಂದು, ಕೈಕಾಲು ತೊಳೀತಾ ಹಾಡ್ತಾನೆ. ಕೆಟ್ಟ ಕಂಠ. ಪಕ್ಕದ ಮನೆಯವರು ಕಿಟಕಿ ಮುಚ್ಕೋತಾರೆ. ಇಷ್ಟು ವರ್ಷದಲ್ಲಿ ಅವನ ಬಾಯಲ್ಲಿ ಒಂದು ಹಾಡು ಕೇಳಿರಲಿಲ್ಲ ನಾನು. ಅದನ್ನ ಹೇಗೆ ನಿಲ್ಲಿಸಲಿ, ನೀನೇ ಹೇಳು."

ಆಗಲೇ ಅವಳ ಫೋನ್ ಹೊಡೆದುಕೊಂಡದ್ದು. ಅಣ್ಣ.

"ಹಲೋ? ಊಟ ಆಯ್ತಾ? ಕನ್ನಡಕ ಮೂಗಿಗೆ ಒತ್ತುತ್ತಾ?" ಆ ಸದ್ದಿಲ್ಲದ ಕೋಣೆಯಲ್ಲಿ ಪ್ರತಿ ಅಕ್ಷರವೂ ಇಬ್ಬರಿಗೂ ಕೇಳುತ್ತಿತ್ತು. "ನೆರಳಿಗೆ ಹೋದ್ರೆ ಬೇಗ ತಿಳಿ ಆಗ್ತಿದೆ ತಾನೇ? ತಡ ಅನ್ಸಿದ್ರೆ ಹೇಳಿಬಿಡು, ಸಂಕೋಚ ಬೇಡ. ಬೇರೆ ಹಾಕಿ ಕೊಡ್ತೀನಿ."

"ಸ್ವಲ್ಪ ತಡ ಆಯ್ತು," ಎಂದಳು ಕಡ್ಡಿ. "ಪರವಾಗಿಲ್ಲ."

"ತಮ್ಮ ನಿನ್ನ ಬಿಸಿಲಲ್ಲಿ ನಿಲ್ಲಿಸಿಲ್ಲ ತಾನೇ? ನಿಲ್ಲಿಸಿದ್ರೆ ಹೇಳು, ಬರ್ಲಿ ಮನೆಗೆ. ಅವನ ಹಳೇ ಕೋಲು ಅಟ್ಟದ ಮೇಲೆ ಬಿದ್ದಿತ್ತು. ಇಳಿಸಿ, ನಾನೇ ಬಣ್ಣ ಹೊಡೆದು ಕಾರಲ್ಲಿ ಇಟ್ಟೆ. ಪಾಪ, ಆ ಹುಡುಗೀನ ಎಷ್ಟು ವರ್ಷ ಅಂತ ನಿಲ್ಲಿಸ್ತೀಯೋ, ಇನ್ನಾದ್ರೂ ಕೂರಿಸೋ ಅಂದೆ."

ಅವಳ ಬಾಯಿ ತೆರೆಯಿತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಉಸಿರು ಬಿಟ್ಟರೆ ಸಾಕು, ಹೊರಗೆ ಬೀಳುತ್ತಿತ್ತು. ಅವಳು ಮೇಸ್ತ್ರಿಯತ್ತ ನೋಡಿದಳು.

ಈ ಸಲ ಅವನು ತಲೆ ಎತ್ತಿದ. ಕ್ಯಾಮೆರಾ ಇಲ್ಲದೆ, ಎರಡೂ ಕಣ್ಣು ತೆರೆದು, ಮೊದಲ ಸಲ ಅವಳನ್ನು ನೆಟ್ಟಗೆ ನೋಡಿದ. ಎರಡೂ ತುಂಬಿದ್ದವು. ಆಮೇಲೆ, ಬೇಡ ಎಂದು ತಲೆಯಾಡಿಸಿದ.

"ಇಲ್ಲ," ಎಂದಳು ಅವಳು ಫೋನಿಗೆ. "ನಿಲ್ಲಿಸಿಲ್ಲ. ನೆರಳಲ್ಲೇ ಇದೀನಿ."

"ಹಾಂ, ಹಾಗೇ ಇರು," ಎಂದು ಅಣ್ಣ ಸಮಾಧಾನದಿಂದ ಫೋನ್ ಇಟ್ಟ.

ಕಾವಲುಗಾರ ಬಾಗಿಲಲ್ಲಿ ಬೀಗ ಕುಲುಕಿದ. "ಹೊರಗೆ ಬನ್ನಿ, ಊಟದ ಹೊತ್ತು, ಬಾಗಿಲು ಹಾಕ್ಬೇಕು."

"ಬಂದ್ವಿ," ಎಂದ ಮೇಸ್ತ್ರಿ.

"ಒಂದ್ಸಲ ನಿಲ್ಲಲಾ?" ಕಡ್ಡಿ ಪಿಸುಗುಟ್ಟಿದಳು. "ಇಲ್ಲೇ, ಈ ಬಾಗಿಲ ಪಕ್ಕ. ಕೊನೇ ಸಲ. ನಗಲ್ಲ."

"ಬೇಡ."

"ಯಾಕೆ?"

"ಕೈ ಅಲ್ಲಾಡುತ್ತೆ."

ಅವಳು ಮುಂದೆ, ಅವನು ಹಿಂದೆ. ಬಾಗಿಲಿನಲ್ಲಿ ಬಿಸಿಲು ಮುಖಕ್ಕೆ ಹೊಡೆದು, ಅವಳು ಕಾಲೆತ್ತುವುದನ್ನು ಮರೆತಳು. ಅವನ ಕೈ ಅವಳ ಮೊಣಕೈಯ ಬಳಿಗೆ ಬಂತು. ಮುಟ್ಟಲಿಲ್ಲ.

"ಹುಷಾರು, ಅತ್ತಿಗೆ," ಎಂದ. "ಹೊಸ್ತಿಲು ಎತ್ತರ ಇದೆ."

"ಬಂತಪ್ಪಾ ಬಂತು, ಕೊನೆಗೂ ಬಾಯಿಂದ ಬಂತು!" ನೀರಿನ ಬಾಟಲಿ ಎತ್ತಿ ಹಿಡಿದು ಡಾಕ್ಟರು ಅಂಗಳದಿಂದಲೇ ಕುಣಿದ. "ಕೇಳಿದ್ಯೇನೇ? ಅತ್ತಿಗೆ ಅಂದ!" ಟೀಚರಮ್ಮ ನಗಲಿಲ್ಲ. ಬಂದು ಕಡ್ಡಿಯ ಕೈ ಹಿಡಿದುಕೊಂಡಳು. ಮೇಸ್ತ್ರಿ ಹೋಗಿ, ಡಾಕ್ಟರು ತೊಲೆಯ ಬಳಿ ಬಿಟ್ಟಿದ್ದ ಕೋಲನ್ನೆತ್ತಿ, ಮಣ್ಣು ಒರೆಸಿ, ಹೆಗಲ ಮೇಲಿಟ್ಟುಕೊಂಡ. ಹಿಂತಿರುಗಿ ನೋಡದೆ ಕಾರಿನ ಕಡೆ ನಡೆದ.

"ಬಾ ಹೋಗೋಣ," ಎಂದಳು ಟೀಚರಮ್ಮ. "ಸುಡು ಬಿಸಿಲು. ಕಾರಲ್ಲಿ ಏಸಿ ಹಾಕಿಸೋಣ."

ಗಾಜು ಆಗಷ್ಟೇ ಕಪ್ಪಾಗತೊಡಗಿತ್ತು. ಪೂರ್ತಿ ಆಗಿರಲಿಲ್ಲ, ಒದ್ದೆ ಕಣ್ಣು ಇನ್ನೂ ಕಾಣುತ್ತಿತ್ತು.

"ನೀವು ಹೋಗ್ತಿರಿ ಅಕ್ಕಾ," ಎಂದಳು ಕಡ್ಡಿ. "ನಾನು ಇಲ್ಲೇ ಸ್ವಲ್ಪ ನಿಂತು ಬರ್ತೀನಿ."