ಹೊಸ ಡಿಸ್ಕಿನ ಮೇಲೆ ಬಂದ ಅಪವಾದ

ನಡುರಾತ್ರಿ ಯುಪಿಎಸ್ ಒಮ್ಮೆ ಕುಂಯ್ ಎಂದು ಸುಮ್ಮನಾಯಿತು. ದಾವಣಗೆರೆಯ ಆ ರಕ್ತಪರೀಕ್ಷಾ ಲ್ಯಾಬಿನಲ್ಲಿ ರಾತ್ರಿಪಾಳಿಗಿದ್ದ ರೇವತಿ ತಲೆಯೆತ್ತಿದಳು. ದೀಪಗಳು ಆರಿ ಹತ್ತಿದವು. ಸರ್ವರ್ ತಾನಾಗಿ ಮತ್ತೆ ಶುರುವಾಯಿತು. ಆದರೆ ಅದರೊಳಗೆ ಇನ್ನೊಂದು ಕಂಪ್ಯೂಟರಿನಂತೆ ಓಡುತ್ತಿದ್ದ, ರೋಗಿಗಳ ರಿಪೋರ್ಟುಗಳಿದ್ದ ವರ್ಚುವಲ್ ಮಿಷಿನ್ ಮಾತ್ರ ಏಳಲಿಲ್ಲ. ಕಪ್ಪು ಪರದೆಯ ಮೇಲೆ ಒಂದೇ ಸಾಲು: ಆಪರೇಟಿಂಗ್ ಸಿಸ್ಟಂ ಸಿಗುತ್ತಿಲ್ಲ.

ಬೆಳಿಗ್ಗೆ ಮ್ಯಾನೇಜರ್ ಶಿವಮೂರ್ತಪ್ಪ ಸಿಡಿಮಿಡಿಗೊಂಡಿದ್ದರು. "ನಿನ್ನೆ ಸಂಜೆ ಅದಕ್ಕೆ ಎರಡನೇ ಡಿಸ್ಕ್ ಜೋಡಿಸಿದಾಕಿ ದುರ್ಗಾ. ಇವತ್ತೇ ಕೆಲಸದಿಂದ ತೆಗೀತೀನಿ."

"ಜೋಡಿಸಿದ ಮೇಲೆ ರೀಸ್ಟಾರ್ಟ್ ಮಾಡಿ ನೋಡಿದ್ದೆ ಸರ್, ಸರಿಯಾಗೇ ಎದ್ದಿತ್ತು," ಎಂದಳು ಸಿಸ್ಟಂ ಕೆಲಸಕ್ಕೆ ಹೊಸದಾಗಿ ಸೇರಿದ್ದ, ಆಗಷ್ಟೇ ಹರಿಹರದಿಂದ ರೈಲಿನಲ್ಲಿ ಬಂದಿಳಿದಿದ್ದ ದುರ್ಗಾ.

ಲ್ಯಾಬಿನಲ್ಲಿ ಏನೇ ಕೆಡಲಿ, ಏನೇ ಕಳೆಯಲಿ, ಕಾರಣ ಪತ್ತೆ ಮಾಡುತ್ತಿದ್ದವರು ಸಿಸ್ಟಂ ರೂಮಿನ ನೀಲಕ್ಕ. ಅವರ ಬಲಗೈ ಎಂದರೆ ರೇವತಿ. ಈಚೆಗೆ ಮಾತ್ರ ನೀಲಕ್ಕನ ಬಾಯಲ್ಲಿ ದಿನಬೆಳಗಾದರೆ ದುರ್ಗಾಳ ಹೆಸರು. ರೇವತಿಗೆ ಹೊಟ್ಟೆ ಉರಿಯುತ್ತಿತ್ತು.

"ರೇವತಿ, ನಿನ್ನೆ ದುರ್ಗಾ ಹೋದಮೇಲೆ ಇಲ್ಲಿ ಯಾರಾದ್ರೂ ಬಂದು ಕೂತಿದ್ರಾ?" ನೀಲಕ್ಕ ಸರ್ವರ್ ಮುಂದಿನ ಕುರ್ಚಿ ತೋರಿಸಿ ಕೇಳಿದರು.

ಸಿಸ್ಟಂ ರೂಮಿನ ಹಳೆಯ ಕೆಲಸಗಾರ ರಾಜಕುಮಾರ್ ಕೂತಿದ್ದ. ರೇವತಿ ಕಣ್ಣಾರೆ ಕಂಡಿದ್ದಳು.

"ಇಲ್ಲ ಅಕ್ಕ," ಎಂದಳು.

ಅಷ್ಟರಲ್ಲಿ ಆ ರಾಜಕುಮಾರನೇ ಹೆಲ್ಮೆಟ್ ಕಳಚುತ್ತ ಒಳಬಂದ. "ಸರ್ವರ್ ಬಂದ್ ಆಗೈತೆ ಅಂತ ಗೇಟ್‌ನಾಗೇ ಕೇಳಿದೆ. ಹೊಸ ಡಿಸ್ಕ್‌ನಾಗ ಸಿಸ್ಟಂ ಹುಡುಕ್ತಾ ಕೂತಿರ್ತೈತೆ ಬಿಡ್ರಿ. ಹೊಸಬರ ಕೈಗೆ ಕೊಟ್ರೆ ಹಿಂಗೇ!"

ನೀಲಕ್ಕ ಅವನತ್ತ ಒಮ್ಮೆ ನೋಡಿ ಕೆಲಸಕ್ಕೆ ಕೂತರು. ಹೊಸ ಡಿಸ್ಕ್ ಕಳಚಿ, ಹಳೆಯದೊಂದನ್ನೇ ಆಯ್ದು ಚಾಲೂ ಮಾಡಿದರು. ಮಿಷಿನ್ ಎದ್ದಿತು. ಆಮೇಲೆ ಎಲ್ಲರನ್ನೂ ಹತ್ತಿರ ಕರೆದರು.

"ಎರಡೂ ಡಿಸ್ಕ್ ಚಲೋ ಅದಾವು. ಏಳೋವಾಗ ಯಾವುದನ್ನ ನೋಡಬೇಕು ಅನ್ನೋ ಸರದಿಯೊಳಗ ಹಳೇದನ್ನ ತೆಗೆದು, ಖಾಲಿ ಇರೋ ಹೊಸದನ್ನಷ್ಟೇ ಇಟ್ಟಾರೆ."

"ಹಂಗಾದ್ರೆ ನಿನ್ನೇನೇ ನಿಲ್ಲಬೇಕಿತ್ತಲ್ಲ?" ಶಿವಮೂರ್ತಪ್ಪ ಕೇಳಿದರು.

"ಓಡೋ ಮಿಷಿನ್‌ಗೆ ಸರದಿ ಬ್ಯಾಡ್ರಿ ಸರ್, ಏಳೋವಾಗ ಮಾತ್ರ ಬೇಕು. ರಾತ್ರಿ ಯುಪಿಎಸ್ ಕೈಕೊಡ್ತು ಅಂತ ರೇವತಿ ಹೇಳಿದ್ಲು, ಆಗ ಬಯಲಾತು. ದುರ್ಗಾ ಮಾಡಿದ ರೀಸ್ಟಾರ್ಟ್ ಮಿಷಿನ್‌ನಾಗೇ ದಾಖಲಾಗೈತೆ. ಅಂದ್ಮೇಲೆ ಸರದಿ ಕೆಡಿಸಿದ್ದು ಅವಳು ಮುಗಿಸಿದ ಮೇಲೆ." ನೀಲಕ್ಕ ತಿರುಗಿದರು. "ರಾಜಕುಮಾರ, ಪರದೆ ಮೇಲೆ ಸಿಸ್ಟಂ ಸಿಗ್ತಿಲ್ಲ ಅಂತಷ್ಟೇ ಇತ್ತು. ಹೊಸ ಡಿಸ್ಕ್‌ನಾಗ ಹುಡುಕ್ತೈತೆ ಅಂತ ಸೆಟ್ಟಿಂಗ್ ತೆರೆಯೋವರೆಗೂ ನನಗೇ ಗೊತ್ತಿರಲಿಲ್ಲ. ನಿನಗೆ ಹೆಂಗ್ ಗೊತ್ತಾತಪ್ಪ?"

ರಾಜಕುಮಾರ್ ಹೆಲ್ಮೆಟ್ಟಿನ ಪಟ್ಟಿ ತಿರುವುತ್ತ ನಿಂತ. "ಹರಿಹರದ ಹೊಸ ಬ್ರಾಂಚ್ ನನಗೆ ಅಂದಿದ್ರು," ಎಂದ ಕೊನೆಗೆ. "ಆಕಿಗೆ ಕೊಟ್ರು."

ಮಧ್ಯಾಹ್ನ ದುರ್ಗಾ ಮಂಡಕ್ಕಿ ಪೊಟ್ಟಣ ಬಿಚ್ಚಿ, ಮೊದಲ ಮಿರ್ಚಿ ಬಜ್ಜಿಯನ್ನು ರೇವತಿಯ ಕೈಗಿಟ್ಟಳು. "ನೀಲಕ್ಕನ್ನ ಬಿಟ್ರೆ ಬೆಳಿಗ್ಗೆ ನನ್ನ ಬಗ್ಗೆ ಕೆಟ್ಟದ್ದೊಂದು ಮಾತು ಆಡದೇ ಇದ್ದೋರು ನೀವೊಬ್ರೇ ಅಕ್ಕ."

ನೀಲಕ್ಕ ಚಹಾ ಲೋಟದ ಅಂಚಿನಿಂದ ಇತ್ತಲೇ ನೋಡುತ್ತಿದ್ದಂತಿತ್ತು. ರೇವತಿ ಕಣ್ಣು ತಗ್ಗಿಸಿದಳು. ರಾಜಕುಮಾರನನ್ನು ಕಂಡೂ ಇಲ್ಲವೆಂದದ್ದನ್ನು ಯಾರಿಗೂ ಹೇಳುವುದಿಲ್ಲ, ಎಂದೆಂದಿಗೂ ಎಂದುಕೊಂಡು ಮಿರ್ಚಿ ಕಚ್ಚಿದಳು.